ನೇಲ್ ಟೆಕ್ನಿಷಿಯನ್ ಕೆಲಸಕ್ಕೆ ಇನ್ಶೂರೆನ್ಸ್, ತುಮಕೂರಿನವರು ಯಾರಾದರೂ ಮಾಡಿಸಿದ್ದೀರಾ?

ಗುಬ್ಬಿಗೇಟ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ನೇಲ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಂಡು ಊರಿಗೆ ಬಂದಿದ್ದೇನೆ. ಜೆಲ್, ಅಕ್ರಿಲಿಕ್ ಉಗುರು ಎರಡೂ ಮಾಡುತ್ತೇನೆ. ವಾರದಲ್ಲಿ ಕೆಲವು ದಿನ ಎಸ್.ಎಸ್. ಪುರಂನ ಒಂದು ಪಾರ್ಲರ್‌ನಲ್ಲಿ ಟೇಬಲ್ ಬಾಡಿಗೆ ಕೊಟ್ಟು ಕೂರುತ್ತೇನೆ, ಮಿಕ್ಕ ದಿನ ಮದುಮಗಳ ಮನೆಗೇ ಹೋಗಿ ಮಾಡುವುದು. ಯಾರಿಗಾದರೂ ಅಲರ್ಜಿಯಾಗಿ ಆಸ್ಪತ್ರೆ ಖರ್ಚು ಕೇಳಿದರೆ ನನ್ನ ಗತಿ ಏನು ಅಂತ ಭಯ. ಪರಿಚಯದ ಏಜೆಂಟ್ ಒಬ್ಬರು "ಶಾಪ್‌ಕೀಪರ್ ಪಾಲಿಸಿ ಮಾಡಿಸಮ್ಮ, ಎಲ್ಲಾ ಅದರಲ್ಲೇ ಬರುತ್ತೆ" ಅಂತಿದ್ದಾರೆ. ನಿಜಾನಾ? ಪಾರ್ಲರ್‌ನವರ ಪಾಲಿಸಿ ನನಗೂ ಆಗಲ್ವಾ?

ತಿಪಟೂರು ಪಾರ್ಲರ್

"ಎಲ್ಲಾ ಬರುತ್ತೆ" ಅಂದರೆ ಯಾವ ಪುಟದಲ್ಲಿದೆ ತೋರಿಸಿ ಅನ್ನಮ್ಮ. ನನ್ನ ಹತ್ತಿರವೂ ಅದೇ ಪಾಲಿಸಿ ಇದೆ. ಬೆಂಕಿ, ಕಳ್ಳತನ, ಗಾಜು ಒಡೆಯುವುದು ಎಲ್ಲಾ ಬೇರೆ ಬೇರೆ ಸೆಕ್ಷನ್, ಯಾವುದಕ್ಕೆ ದುಡ್ಡು ಕಟ್ಟಿದ್ದೀಯೋ ಅಷ್ಟೇ. ಪಬ್ಲಿಕ್ ಲಯಬಿಲಿಟಿ ಅಂತ ಇನ್ನೊಂದು ಸೆಕ್ಷನ್. ಒದ್ದೆ ನೆಲದ ಮೇಲೆ ಕಸ್ಟಮರ್ ಜಾರಿ ಬಿದ್ದರೆ ಅದು ಬರುತ್ತೆ. ಆದರೆ ನೀನು ಇ-ಫೈಲ್ (ಉಗುರು ಉಜ್ಜುವ ಕರೆಂಟ್ ಮೆಷಿನ್) ಜಾಸ್ತಿ ಒತ್ತಿ ಉಗುರು ಸವೆದು ಗಾಯ ಆಯಿತು ಅಂದುಕೋ, ಅದು ಕೆಲಸದ ತಪ್ಪು, ಸಾಮಾನ್ಯವಾಗಿ ಅದನ್ನು ಹೊರಗಿಟ್ಟಿರುತ್ತಾರೆ. ಜೊತೆಗೆ ಪಾಲಿಸಿಯಲ್ಲಿ ಅಂಗಡಿ ವಿಳಾಸ ಬರೆದಿರುತ್ತೆ. ಕುಣಿಗಲ್‌ನ ಮದುವೆ ಮನೆ ಅದರಲ್ಲಿ ಎಲ್ಲಿ ಬರಬೇಕು? ಇನ್ನು ಪಾರ್ಲರ್‌ನವರ ಪಾಲಿಸಿ ಅವರ ಹೆಸರಲ್ಲಿದೆ. ನೀನು ಅವರ ಸಂಬಳದವಳಲ್ಲ, ಬಾಡಿಗೆಯವಳು.

ಪ್ರೀಮಿಯಂ ಲೆಕ್ಕ

ನಾನು ಜನರಲ್ ಇನ್ಶೂರೆನ್ಸ್ ಕಡೆಯವನು, ಮೇಡಂ ಹೇಳಿದ್ದು ಸರಿ. ಕೆಲಸದ ತಪ್ಪಿಗೆ ಬೇಕಾದದ್ದು ಪ್ರೊಫೆಷನಲ್ ಇಂಡೆಮ್ನಿಟಿ. ನಮ್ಮಲ್ಲಿ ಅದನ್ನು ಜಾಸ್ತಿ ಮಾಡಿಸುವವರು ಡಾಕ್ಟರ್, ವಕೀಲರು, ಸಿಎಗಳು. ಹಾಗಾಗಿ ನೇಲ್ ಕೆಲಸಕ್ಕೆ ಅಂದರೆ ಬ್ರಾಂಚ್‌ನಲ್ಲಿ ಮುಖ ನೋಡಬಹುದು. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಲೈಸೆನ್ಸ್ ಇರುವ ಬ್ರೋಕರ್ ಹಿಡಿಯಿರಿ, ಅವರು ಹಲವು ಕಂಪನಿಗಳ ರೇಟ್ ತರಿಸುತ್ತಾರೆ. ಫಾರ್ಮ್‌ನಲ್ಲಿ ಸುಮ್ನೆ "ಬ್ಯೂಟಿ ಪಾರ್ಲರ್" ಅಂತ ಬರೆಯಬೇಡಿ. ಜೆಲ್, ಅಕ್ರಿಲಿಕ್, ಇ-ಫೈಲ್, ಮನೆಗೆ ಹೋಗಿ ಮಾಡುವುದು, ಎಲ್ಲಾ ಬರೆಯಿರಿ. ಮುಚ್ಚಿಟ್ಟದ್ದೇ ನಾಳೆ ಕ್ಲೇಮ್‌ಗೆ ಕುತ್ತು.

ಪ್ರೊಫೆಷನಲ್ ಇಂಡೆಮ್ನಿಟಿ ಹೆಚ್ಚಾಗಿ 'ಕ್ಲೇಮ್ಸ್ ಮೇಡ್' ಪಾಲಿಸಿ. ಅಂದರೆ ಉಗುರು ಮಾಡಿದ ದಿನ ಪಾಲಿಸಿ ಇತ್ತು ಅಂದರೆ ಸಾಲದು, ದೂರು ಬಂದ ದಿನವೂ ಇರಬೇಕು. 2019ರ ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಸಮಯವಿದೆ, ಹಾಗಾಗಿ ಕೈಯಲ್ಲಿ ಕೆಲಸ ಕಡಿಮೆ ಇದೆ ಅಂತ ರಿನ್ಯೂವಲ್ ಬಿಡಬೇಡಿ. ಮತ್ತೆ ಕಸ್ಟಮರ್ ಕೂಗಾಡಿದ ತಕ್ಷಣ "ತಪ್ಪು ನಂದೇ ಅಕ್ಕಾ, ದುಡ್ಡು ಕೊಡ್ತೀನಿ" ಅಂತ ವಾಟ್ಸಾಪ್ ಕಳಿಸಲೇಬೇಡಿ! ಮೊದಲು ಡಾಕ್ಟರ್‌ಗೆ ತೋರಿಸಲು ಹೇಳಿ, ಆಮೇಲೆ ಕಂಪನಿಗೆ ತಿಳಿಸಿ.

ಜೆಲ್ ಕೈ

ಪಾಲಿಸಿ ಇರಲಿ, ಕಾರ್ಡ್ ಇಟ್ಟಿದ್ದೀರಾ? ಒಬ್ಬೊಬ್ಬ ಕಸ್ಟಮರ್‌ಗೂ ಒಂದು: ಯಾವ ಜೆಲ್, ಬ್ಯಾಚ್ ನಂಬರ್, ಜೆಲ್ ಗಟ್ಟಿ ಮಾಡುವ ಲ್ಯಾಂಪ್‌ನಲ್ಲಿ ಎಷ್ಟು ಸೆಕೆಂಡ್, ಶುಗರ್ ಇದೆಯಾ, ಹಿಂದೆ ಅಲರ್ಜಿ ಆಗಿತ್ತಾ, ಕೆಳಗೆ ಸಹಿ. ಶುರು ಮಾಡುವ ಮುಂಚೆ ಉಗುರಿನ ಫೋಟೋ. ಮೊದಲೇ ಸೀಳಿದ್ದ ಉಗುರಿಗೆ ನಿಮ್ಮ ಮೇಲೆ ಬಂದರೆ ಇದೇ ಸಾಕ್ಷಿ. ಹಲವು ಜೆಲ್‌ಗಳಲ್ಲಿರುವ ಹೆಮಾ (HEMA) ಅನ್ನುವ ಕೆಮಿಕಲ್ ಪೂರ್ತಿ ಗಟ್ಟಿಯಾಗದೆ ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಹತ್ತುತ್ತೆ, ಹತ್ತಿದರೆ ಬಿಡುವುದು ಕಷ್ಟ. ಹಲ್ಲಿನ ಫಿಲ್ಲಿಂಗ್‌ನಲ್ಲೂ ಅದೇ ಜಾತಿಯ ಕೆಮಿಕಲ್ ಇರುತ್ತೆ ನೋಡಿ, ಅಲ್ಲೂ ತೊಂದರೆ ಆಗಬಹುದು. ಆದ್ದರಿಂದ ಚರ್ಮದ ಮೇಲೆ ಚೆಲ್ಲಿದ ಜೆಲ್ ಲ್ಯಾಂಪ್‌ಗೆ ಇಡುವ ಮುಂಚೆಯೇ ಒರೆಸಿ. ದಪ್ಪ ಕೋಟ್ ಬೇಡ, ಲ್ಯಾಂಪ್ ಒಳಗೆ ಚುರ್ ಅಂತ ಸುಡುತ್ತೆ. ಗ್ಲೌಸ್ ಹಾಕಿಕೊಳ್ಳಿ, ಅಲರ್ಜಿ ನಮಗೂ ಬರುತ್ತೆ.

ನಿಮಗೆ ಅಂತ ಬ್ಯಾಂಕ್‌ನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅಪಘಾತಕ್ಕೆ ಮಾತ್ರ, ಅಲರ್ಜಿಗಲ್ಲ.

ಗುಬ್ಬಿಗೇಟ್ ಹುಡುಗಿ

ತುಂಬಾ ಥ್ಯಾಂಕ್ಸ್. ಏಜೆಂಟ್ ಅಣ್ಣನಿಗೆ "ಜೆಲ್ ಅಲರ್ಜಿ, ಕಸ್ಟಮರ್ ಮನೆ, ಎರಡೂ ಇದೆಯಾ, ಬರೆದು ಕೊಡಿ" ಅಂತ ಮೆಸೇಜ್ ಹಾಕಿದೆ. "ನೋಡಿ ಹೇಳ್ತೀನಮ್ಮ" ಅಂದರು, ಅಷ್ಟರಲ್ಲೇ ಗೊತ್ತಾಯಿತು ಬಿಡಿ. ಬ್ರೋಕರ್‌ನೇ ಹುಡುಕುತ್ತೇನೆ. ನನ್ನ ಹತ್ತಿರ ಇರುವ ಕಾರ್ಡ್ ಇಂಗ್ಲಿಷ್‌ನಲ್ಲಿದೆ, ಓದದೇ ಸಹಿ ಹಾಕುತ್ತಾರೆ. ಕನ್ನಡದ್ದು ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ, ಪ್ಲೀಸ್.