ಪ್ರಶ್ನೋತ್ತರ: ಪ್ರಿ-ಮೆಡ್ ಮುಗಿಸಿದವರು ಪಾಠ ಹೇಳುವ ವೃತ್ತಿಗೆ ಬರುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಹತ್ತನೆಯ ವಯಸ್ಸಿನಲ್ಲಿ ಶಿವಮೊಗ್ಗದಿಂದ ನ್ಯೂಜೆರ್ಸಿಗೆ ಬಂದ ನಾನು ಈ ಮೇ ತಿಂಗಳಿನಲ್ಲಿ ಜೀವರಸಾಯನಶಾಸ್ತ್ರದ ಪದವಿ ಮುಗಿಸಿದ್ದೇನೆ. ಪ್ರಿ-ಮೆಡ್‌ಗೆ ಬೇಕಾದ ಕೋರ್ಸುಗಳೆಲ್ಲ ಆಗಿವೆ, ಮೆಡಿಕಲ್ ಸ್ಕೂಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಯಲ್ಲಿ 511 ಬಂದಿದೆ, ಆದರೂ ಈ ವರ್ಷ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಲು ಮನಸ್ಸು ಒಪ್ಪಲಿಲ್ಲ. ಕಾಲೇಜಿನಲ್ಲಿ ಎರಡು ವರ್ಷ ಕಿರಿಯರಿಗೆ ಸಾವಯವ ರಸಾಯನಶಾಸ್ತ್ರ ಹೇಳಿಕೊಡುವಾಗ ಸಿಕ್ಕ ಸಂತೋಷ ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡುವಾಗ ಸಿಗಲಿಲ್ಲ. ಒಂದೆರಡು ವರ್ಷ, ಅಥವಾ ಮುಂದೆಯೂ, ಪಾಠ ಹೇಳಿಯೇ ಬದುಕಬೇಕೆಂದಿದ್ದೇನೆ. ಮನೆಯಲ್ಲಿ ಮಾತ್ರ “ಇಷ್ಟು ಓದಿ ಟ್ಯೂಷನ್ ಹೇಳುತ್ತೀಯಾ?” ಎನ್ನುತ್ತಾರೆ. ಎಲ್ಲಿಂದ ಆರಂಭಿಸಬೇಕು? ಮುಂದೆ ಅರ್ಜಿ ಹಾಕಿದರೆ ಈ ವರ್ಷಗಳು ಸೋಲಿನಂತೆ ಕಾಣುತ್ತವೆಯೇ?

ಉತ್ತರ:
ನಾನೂ ಇದೇ ದಾರಿಯಲ್ಲಿ ಬಂದವನು. ಎರಡು ವರ್ಷ ಅರ್ಜಿ ಹಾಕಿ, ಎರಡು ಸಲವೂ ಪ್ರವೇಶ ಸಿಗದೆ, ಹೊಟ್ಟೆಪಾಡಿಗೆಂದು ಹಿಡಿದ ಪಾಠದ ಕೆಲಸದಲ್ಲಿ ಈಗ ಹನ್ನೊಂದು ವರ್ಷ ಕಳೆದಿದ್ದೇನೆ.

ಮೊದಲು ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಊರಿನಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರುವುದನ್ನು ಕಂಡವರಿಗೆ ‘ಪ್ರಿ-ಮೆಡ್’ ಎಂದರೆ ಅರ್ಧ ಓದಿದ ವೈದ್ಯಕೀಯ ಎಂದೇ ಅನಿಸುತ್ತದೆ. ಅಮೆರಿಕದಲ್ಲಿ ಅದು ಪದವಿಯೇ ಅಲ್ಲ. ಯಾವುದೇ ವಿಷಯದ ನಾಲ್ಕು ವರ್ಷದ ಪದವಿಯ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಕೋರ್ಸುಗಳನ್ನು ಪೂರೈಸಿಕೊಳ್ಳುವ ಸಿದ್ಧತೆ, ಅಷ್ಟೆ. ವರ್ಷಕ್ಕೆ 50,000ಕ್ಕೂ ಹೆಚ್ಚು ಜನ ಎಂಡಿ (ಅಲ್ಲಿ ವೈದ್ಯರಾಗಲು ಪಡೆಯುವ ಮೊದಲ ವೈದ್ಯಕೀಯ ಪದವಿ) ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ, ಸೇರುವವರು ಅದರ ಅರ್ಧಕ್ಕಿಂತ ಕಡಿಮೆ. ಉಳಿದವರೆಲ್ಲ ಅರ್ಧಕ್ಕೆ ನಿಂತ ವೈದ್ಯರಲ್ಲ, ಪೂರ್ಣ ಪದವೀಧರರೇ.

ನಿಮ್ಮ 511 ಒಳ್ಳೆಯ ಅಂಕ. 472ರಿಂದ 528ರ ವರೆಗಿನ ಆ ಅಳತೆಯಲ್ಲಿ 500 ನಡುವಿನ ಗೆರೆ. ಹಾಗೆಂದು ಎಂಕ್ಯಾಟ್ ತರಬೇತಿಯಿಂದಲೇ ಆರಂಭಿಸಬೇಡಿ. ಆ ಮಾರುಕಟ್ಟೆಯಲ್ಲಿ ಎಲ್ಲರೂ ಮೊದಲು ಕೇಳುವುದು ಅಂಕವನ್ನೇ, ಅಲ್ಲಿ ನಿಮಗಿಂತ ಹೆಚ್ಚು ಅಂಕದವರ ಸಾಲೇ ಇರುತ್ತದೆ. ಎರಡು ವರ್ಷ ಹೇಳಿಕೊಟ್ಟ ಸಾವಯವ ರಸಾಯನಶಾಸ್ತ್ರವೇ ನಿಮ್ಮ ನಿಜವಾದ ಬಂಡವಾಳ.

ಇನ್ನು, ನಾನು ತಡವಾಗಿ ಕಲಿತ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚೆನ್ನಾಗಿ ಓದಿದವರಿಗೆ ಉತ್ತರ ಹೇಳಿಬಿಡುವ ಚಟವಿರುತ್ತದೆ, ನನಗೂ ಇತ್ತು. ಮೊದಲ ವರ್ಷ ಒಬ್ಬ ವಿದ್ಯಾರ್ಥಿನಿಗೆ ಆರು ವಾರ ಪಾಠ ಹೇಳಿದೆ. ಪ್ರತಿ ಸಲವೂ ನಾನು ಹಲಗೆಯ ಮೇಲೆ ಬರೆಯುವುದು, ಅವಳು ತಲೆಯಾಡಿಸುವುದು, ಇಬ್ಬರಿಗೂ ಪಾಠ ಚೆನ್ನಾಗಿ ನಡೆಯಿತೆಂಬ ತೃಪ್ತಿ. ಪರೀಕ್ಷೆಯಲ್ಲಿ ಅವಳು ಫೇಲಾದಳು. ಆಮೇಲೆ ಪೆನ್ಸಿಲನ್ನು ಅವಳ ಕೈಗೆ ಕೊಟ್ಟು, ಅಮೋನಿಯಾ ಒಂದು ಪ್ರೋಟಾನನ್ನು ಪಡೆಯುವ ಅತಿ ಸರಳ ಕ್ರಿಯೆಯನ್ನು ಬರೆಯಲು ಹೇಳಿ ಸುಮ್ಮನೆ ಕುಳಿತೆ. ಅವಳು ಬಾಗಿದ ಬಾಣವನ್ನು ಪ್ರೋಟಾನಿನಿಂದ ಸಾರಜನಕದ ಕಡೆಗೆ ಎಳೆದಳು. ಆ ಬಾಣ ತೋರಿಸುವುದು ಇಲೆಕ್ಟ್ರಾನುಗಳ ಚಲನೆಯನ್ನು. ಪ್ರೋಟಾನಿನ ಬಳಿ ಕೊಡಲು ಇಲೆಕ್ಟ್ರಾನೇ ಇಲ್ಲ. ಆದರೆ ಅವಳು ಬಾಣವನ್ನು ‘ಯಾವ ಪರಮಾಣು ಎಲ್ಲಿಗೆ ಹೋಗುತ್ತದೆ’ ಎಂಬುದರ ಗುರುತೆಂದೇ ತಿಳಿದಿದ್ದಳು. ಆ ಒಂದು ತಪ್ಪು ಕಲ್ಪನೆಯ ಮೇಲೆ ಅರವತ್ತು ಎಪ್ಪತ್ತು ಕ್ರಿಯೆಗಳನ್ನು ಬಾಯಿಪಾಠ ಮಾಡಿದ್ದಳು, ಆರು ವಾರ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. “ಈ ಬಾಣದ ಬಾಲದಲ್ಲಿ ಏನಿದೆ?” ಎಂದು ಕೇಳಿದೆ. ಬಹಳ ಹೊತ್ತು ನೋಡಿ, “ಏನೂ ಇಲ್ಲ” ಎಂದಳು. ಅಂದಿನಿಂದ ನನ್ನ ಪಾಠದ ಮೊದಲ ಹದಿನೈದು ನಿಮಿಷ ನಾನು ಮಾತನಾಡುವುದಿಲ್ಲ, ವಿದ್ಯಾರ್ಥಿ ಬರೆಯುತ್ತಾ ಗಟ್ಟಿಯಾಗಿ ಯೋಚಿಸುತ್ತಾನೆ. ಆ ಮೌನವನ್ನು ಸಹಿಸುವುದು ಎಂಕ್ಯಾಟ್‌ಗಿಂತ ಕಷ್ಟ ಎಂದರೆ ನೀವು ನಗಬಹುದು.

ಆರಂಭಕ್ಕೆ ನಿಮ್ಮ ಕಾಲೇಜಿನ ಅಥವಾ ಹತ್ತಿರದ ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಕಾಲೇಜು) ಕಲಿಕಾ ಕೇಂದ್ರವೇ ಒಳ್ಳೆಯ ಜಾಗ. ಅಲ್ಲಿ ಸಂಬಳ ಕಡಿಮೆಯಾದರೂ ತರಬೇತಿ ಸಿಗುತ್ತದೆ, ನಾನಾ ಬಗೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಅನೇಕ ಕಾಲೇಜುಗಳಲ್ಲಿ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಎಂಬ ಗುಂಪು ಪಾಠದ ಪದ್ಧತಿಯೂ ಇದೆ. 1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಆರಂಭವಾದ ಈ ಪದ್ಧತಿ ದಡ್ಡರೆಂದು ವಿದ್ಯಾರ್ಥಿಗಳನ್ನು ಬೇರ್ಪಡಿಸುವುದಿಲ್ಲ. ಕೋರ್ಸೇ ಕಷ್ಟದ್ದೆಂದು ಗುರುತಿಸಿ ಅದಕ್ಕೆ ಬೆಂಬಲ ಕೊಡುತ್ತದೆ. ಈ ದೃಷ್ಟಿ ನನಗೆ ಬಹಳ ಹಿಡಿಸಿತು.

ಹಣದ ವಿಚಾರ. ಸ್ವಂತವಾಗಿ ಪಾಠ ಹೇಳಿದರೆ ನೀವು ಸ್ವಉದ್ಯೋಗಿ. ವರ್ಷದ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಹೊರತಾಗಿ 15.3 ಶೇಕಡಾ ಸ್ವಉದ್ಯೋಗ ತೆರಿಗೆಯೂ ಬರುತ್ತದೆ. ಆರೋಗ್ಯ ವಿಮೆಯನ್ನು 26 ವರ್ಷ ತುಂಬುವವರೆಗೆ ತಂದೆತಾಯಿಯ ಯೋಜನೆಯಲ್ಲೇ ಮುಂದುವರಿಸಬಹುದು. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಕಾಲೇಜು ಮಕ್ಕಳು ಯಾರೂ ಬರುವುದಿಲ್ಲವಾದ್ದರಿಂದ ಆ ತಿಂಗಳ ಬಾಡಿಗೆಯನ್ನು ಅಕ್ಟೋಬರಿನಲ್ಲೇ ಎತ್ತಿಡಿ.

ಅರ್ಜಿಯಲ್ಲಿ ಇದು ಸೋಲಿನಂತೆ ಕಾಣುವುದಿಲ್ಲ. ಎಂಡಿ ಕಾಲೇಜುಗಳಿಗೆ ಒಟ್ಟಾಗಿ ಹಾಕುವ ಆಮ್‌ಕಾಸ್ ಅರ್ಜಿಯಲ್ಲಿ 15 ಚಟುವಟಿಕೆಗಳವರೆಗೆ ದಾಖಲಿಸಬಹುದು, ಅವುಗಳ ವಿಧಗಳಲ್ಲಿ ಬೋಧನೆಯೂ ಒಂದು. ಆದರೆ ಎರಡು ವರ್ಷ ಪಾಠವನ್ನಷ್ಟೇ ಹೇಳಿ ರೋಗಿಗಳ ಹತ್ತಿರವೇ ಸುಳಿಯದಿದ್ದರೆ, ವೈದ್ಯರಾಗುವ ಆಸೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅನೇಕ ಕಾಲೇಜುಗಳು ಎರಡು ಮೂರು ವರ್ಷಕ್ಕಿಂತ ಹಳೆಯ ಎಂಕ್ಯಾಟ್ ಅಂಕವನ್ನು ಒಪ್ಪುವುದಿಲ್ಲವಾದ್ದರಿಂದ ನಿಮ್ಮ ನಿರ್ಧಾರಕ್ಕೂ ಒಂದು ಗಡುವಿದೆ. ಆಸ್ಪತ್ರೆಯಲ್ಲಿ ಸಂತೋಷ ಸಿಗಲಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಸಾಲನ್ನು ಮನೆಯವರಿಗೂ ಒಮ್ಮೆ ಓದಿ ಹೇಳಿ.

ಮೈಸೂರಿನಿಂದ ಒಬ್ಬ ತಾಯಿಯ ಪ್ರಶ್ನೆ:
ನನ್ನ ಮಗ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಟೆಕ್ಸಾಸಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾನೆ. ಅಲ್ಲಿನ ಕನ್ನಡಿಗರ ಮಕ್ಕಳಿಗೆ ಸಂಜೆ ಮನೆಪಾಠ ಹೇಳಬಹುದೇ?

ಉತ್ತರ:
ಹಣ ಪಡೆದು ಹೇಳುವಂತಿಲ್ಲ, ನಗದಾಗಿ ಪಡೆದರೂ ಅಷ್ಟೇ. ಪರಿಚಿತರ ಮನೆಯ ಪಾಠವೆಂಬ ಸಲುಗೆ ವಲಸೆ ಕಾನೂನಿನಲ್ಲಿ ನಡೆಯುವುದಿಲ್ಲ. ಅನುಮತಿಯಿಲ್ಲದ ದುಡಿಮೆಯಿಂದ ನಿಮ್ಮ ಮಗನ ವೀಸಾ ಸ್ಥಾನಮಾನವೇ ಹೋಗಬಹುದು. ಕ್ಯಾಂಪಸ್ಸಿನೊಳಗೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು, ಆದ್ದರಿಂದ ಕಾಲೇಜಿನ ಕಲಿಕಾ ಕೇಂದ್ರದಲ್ಲಿ ಪಾಠ ಹೇಳಲಿ. ಪದವಿಯ ನಂತರ ಅನುಮತಿ ಪಡೆದು ದುಡಿಯಬಹುದಾದ 12 ತಿಂಗಳ ಓಪಿಟಿ ಅವಧಿಯಲ್ಲಿ, ಓದಿದ ವಿಷಯಕ್ಕೆ ಸಂಬಂಧಪಟ್ಟ ಪಾಠವಾದರೆ ದಾರಿಯಿದೆ. ಏನೇ ಮಾಡುವ ಮೊದಲೂ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಲಿ.

ಮೊದಲ ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು. ಇನ್ನೊಂದು ಸಂದೇಹ. ನಾನು ಪಾಠ ಹೇಳುತ್ತಿದ್ದ ಒಬ್ಬ ಕಿರಿಯ ವಿದ್ಯಾರ್ಥಿನಿ ತನ್ನ ಅರ್ಜಿಯ ಸ್ವವಿವರ ಪ್ರಬಂಧವನ್ನು “ಸ್ವಲ್ಪ ಬರೆದುಕೊಡಿ, ಎಷ್ಟಾದರೂ ಕೊಡುತ್ತೇನೆ” ಎನ್ನುತ್ತಿದ್ದಾಳೆ. ಮಾರ್ಗದರ್ಶನದ ಗೆರೆ ಎಲ್ಲಿ ಮುಗಿಯುತ್ತದೆ?

ಉತ್ತರ:
ನಿಮ್ಮ ಕೈ ಅವಳ ಕಡತದ ಮೇಲೆ ಬಂದಾಗ. ಪ್ರಬಂಧ ತನ್ನದೇ ಎಂದು ಅರ್ಜಿದಾರರು ಅಲ್ಲಿ ದೃಢೀಕರಿಸುತ್ತಾರೆ, ಅದು ಸುಳ್ಳಾದರೆ ಪೆಟ್ಟು ಬೀಳುವುದು ಅವಳಿಗೆ. ನಾನು ಮಾಡುವುದು ಇಷ್ಟು: ಮುಖಾಮುಖಿ ಕುಳಿತು ಒಂದು ಗಂಟೆ ಪ್ರಶ್ನೆ ಕೇಳುತ್ತೇನೆ, ಅವರು ಹೇಳಿದ್ದನ್ನು ಅವರದೇ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಹೇಳುತ್ತೇನೆ, ಕರಡು ಬಂದ ಮೇಲೆ ‘ಇಲ್ಲಿ ನನಗೆ ಅರ್ಥವಾಗಲಿಲ್ಲ’ ಎಂದು ಅಂಚಿನಲ್ಲಿ ಗುರುತು ಹಾಕುತ್ತೇನೆ. ಸಾಲು ತಿದ್ದುವುದಿಲ್ಲ. ಪ್ರಬಂಧದ 5,300 ಅಕ್ಷರಗಳ ಮಿತಿಯಲ್ಲಿ, ಉದಾಹರಣೆಗೆ, ಅವಳ ಅಜ್ಜಿಯ ಮಧುಮೇಹದ ಕಥೆ ಬರಬೇಕೋ ಬೇಡವೋ ಎಂಬುದನ್ನು ಅವಳೇ ತೀರ್ಮಾನಿಸಬೇಕು. ಇದಕ್ಕೂ ಅವಳು ಒಪ್ಪದಿದ್ದರೆ ಮುಂಗಡ ಪಡೆದಿದ್ದರೆ ಹಿಂದಿರುಗಿಸಿ, ರಸಾಯನಶಾಸ್ತ್ರದ ಪಾಠವನ್ನು ಮಾತ್ರ ಮುಂದುವರಿಸಿ.