ಫೋಟೋಗಾಗಿ ಮುಖ ‘ತಿದ್ದಿಕೊಳ್ಳುವುದು’: ಈ ಬಳಕೆ ಸಲ್ಲುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಭಾವಚಿತ್ರ ತೆಗೆಸಿಕೊಳ್ಳಲು ಬರುವವರು ತಮ್ಮ ಮೇಕಪ್ಪನ್ನು ತಾವೇ ಮಾಡಿಕೊಳ್ಳುವುದು ಹೇಗೆ ಎಂದು ತಿಳಿಸುವ ಎರಡು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಮೇಕಪ್’ ಎಂಬ ಪದದ ಮೇಲೆ ನನಗೆ ಮುನಿಸಿಲ್ಲ. ಅದು ಎಂದೋ ನಮ್ಮದಾಗಿದೆ. ‘ಮೇಕಪ್ಪಿಗೆ’, ‘ಮೇಕಪ್ಪಿನ’ ಎಂದು ವಿಭಕ್ತಿಯನ್ನೂ ಸಲೀಸಾಗಿ ಹತ್ತಿಸಿಕೊಳ್ಳುತ್ತದೆ. ನನ್ನ ತೊಡಕಿರುವುದು ಕ್ರಿಯಾಪದಗಳಲ್ಲಿ.

ಬರೆದದ್ದನ್ನು ಮೊದಲು ನನ್ನ ಮುಖದ ಮೇಲೆಯೇ ಪ್ರಯೋಗಿಸಿ ಕ್ಯಾಮೆರಾ ಮುಂದೆ ಕುಳಿತೆ. ಕಿಟಕಿಯ ಬೆಳಕಿನಲ್ಲಿ ಕನ್ನಡಿ ಯಾವ ತಕರಾರನ್ನೂ ತೆಗೆದಿರಲಿಲ್ಲ. ಫ್ಲ್ಯಾಶ್ ಮಿಂಚಿ ಚಿತ್ರ ಪರದೆಗೆ ಬಂದಾಗ ನೋಡಿದರೆ ಹಣೆ ಮತ್ತು ಮೂಗು ಬೂದಿ ಸವರಿದಂತೆ ಬೆಳ್ಳಗಾಗಿದ್ದವು, ಮುಖಕ್ಕೂ ಕುತ್ತಿಗೆಗೂ ಪರಿಚಯವೇ ಇರಲಿಲ್ಲ. ಬಿಳುಪಿಗೆ ಕಾರಣ ಒಳಗೆ ಹಚ್ಚಿದ್ದ ಸನ್‌ಸ್ಕ್ರೀನ್. ಅದರಲ್ಲಿನ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳು ಫ್ಲ್ಯಾಶಿನ ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ಕುತ್ತಿಗೆಯ ಜಗಳಕ್ಕೆ ಕಾರಣ ನಾನೇ: ಮುಖದ ಬಣ್ಣ ಒಂದೇ ಸಮನಾಗಿ ಕಾಣಲೆಂದು ಹಚ್ಚುವ ಫೌಂಡೇಶನ್ನಿನ ಬಣ್ಣವನ್ನು ದವಡೆಯ ಅಂಚಿನಲ್ಲಿ ಹೊಂದಿಸಿ ನೋಡುವ ಬದಲು ಮುಂಗೈ ಮೇಲೆ ನೋಡಿದ್ದೆ. ಹಣೆಯ ಜಿಡ್ಡು ಬೇರೆ ಹೊಳೆಯುತ್ತಿತ್ತು. ಕರವಸ್ತ್ರಕ್ಕೆ ಕೈ ಹಾಕಿದಾಗ ಛಾಯಾಗ್ರಾಹಕರು ತೆಳುಕಾಗದವೊಂದನ್ನು ನೀಡಿ, “ಮೇಡಂ, ಒರೆಸಬೇಡಿ, ಒತ್ತಿ” ಎಂದರು.

ಆ ಎರಡು ಕ್ರಿಯಾಪದಗಳು ನನ್ನ ಅರ್ಧ ಪುಟಕ್ಕೆ ಸಮ. ಒರೆಸಿದರೆ ಜಿಡ್ಡಿನ ಜೊತೆ ಫೌಂಡೇಶನ್ನೂ ಎದ್ದು ಬರುತ್ತದೆ, ಒತ್ತಿದರೆ ಜಿಡ್ಡಷ್ಟೇ ಕಾಗದಕ್ಕೆ ಇಳಿಯುತ್ತದೆ. ಮನೆಗೆ ಬಂದು ಕೈಪಿಡಿಯ ಪ್ರತಿಯೊಂದು ಕ್ರಿಯಾಪದವನ್ನೂ ಮತ್ತೆ ತೂಗಿ ನೋಡಿದೆ. ಕನ್ನಡದ ಕ್ರಿಯಾಪದಗಳು ಬರಿಯ ಕೆಲಸವನ್ನು ಹೇಳಿ ಸುಮ್ಮನಾಗುವುದಿಲ್ಲ. ಎಷ್ಟು, ಹೇಗೆ ಎಂಬುದನ್ನೂ ಹೇಳಿ, ಪಕ್ಕದ ಮನೆಯವರ ಅಭಿಪ್ರಾಯವನ್ನೂ ಸೇರಿಸಿಬಿಡುತ್ತವೆ. ‘ಹಚ್ಚು’ ಸಂಭಾವಿತ ಪದ, ಎಲ್ಲಿಯೂ ನಡೆಯುತ್ತದೆ. ‘ಸವರು’ ಎಂದರೆ ತೆಳುವಾಗಿ. ‘ಬಳಿ’ ಎಂದೊಡನೆ ಗೋಡೆ, ಸುಣ್ಣ, ಇಲ್ಲವೇ ಮುಖಕ್ಕೆ ಮಸಿ. ‘ಮೆತ್ತಿಕೊಂಡು ಬಂದಿದ್ದಾಳೆ’ ಎಂದರೆ ಪೌಡರಿನ ಪ್ರಮಾಣವೂ ಆಡಿದವರ ಹೊಟ್ಟೆಯುರಿಯೂ ಒಟ್ಟಿಗೇ ತಿಳಿಯುತ್ತದೆ. ‘ಲೇಪಿಸಿ’ ಎಂದು ಬರೆದರೆ ಮುಖಕ್ಕೆ ಏನೋ ಕಾಯಿಲೆ ಇರುವಂತೆ ಕೇಳುತ್ತದೆ. ಮಾಯಿಶ್ಚರೈಸರಿಗೆ ಮಾತ್ರ ನನಗೆ ಒಪ್ಪುವ ಪದ ಸಿಕ್ಕಿದೆ: ‘ಇಂಗಲು ಬಿಡಿ’. ಮಣ್ಣಿಗೆ ನೀರು ಇಂಗುವಂತೆ ಅದು ಚರ್ಮಕ್ಕೆ ಇಂಗಿದ ಮೇಲೆಯೇ ಮುಂದಿನದನ್ನು ಹಚ್ಚಬೇಕು, ಇಲ್ಲದಿದ್ದರೆ ಫೌಂಡೇಶನ್ ಜಾರುತ್ತದೆ.

ಇಡೀ ಕೆಲಸಕ್ಕೆ ಏನೆನ್ನುವುದು ಎಂಬುದು ದೊಡ್ಡ ಪ್ರಶ್ನೆ. ‘ಬಣ್ಣ ಹಚ್ಚಿಕೊಳ್ಳುವುದು’ ಎಂದು ಬರೆದು ಹೊಡೆದುಹಾಕಿದೆ. ಪತ್ರಿಕೆಗಳಲ್ಲಿ ‘ಮತ್ತೆ ಬಣ್ಣ ಹಚ್ಚಿದ ನಟಿ’ ಎಂದರೆ ಆಕೆ ಮತ್ತೆ ಅಭಿನಯಕ್ಕೆ ಮರಳಿದಳು ಎಂದೇ ಅರ್ಥ. ಅದೂ ಅಲ್ಲದೆ ಕನ್ನಡದಲ್ಲಿ ಬಣ್ಣಕ್ಕೆ ಒಳ್ಳೆಯ ಹೆಸರಿಲ್ಲ. ಬಣ್ಣದ ಮಾತು ನಂಬುವಂಥದ್ದಲ್ಲ, ಬಣ್ಣ ಕಟ್ಟಿ ಹೇಳಿದ್ದು ಅರ್ಧ ಸುಳ್ಳು, ಕೊನೆಗೆ ಬಣ್ಣ ಬಯಲಾಗಲೇಬೇಕು. ತನ್ನಂತೆಯೇ ಕಾಣಬೇಕೆಂದು ಫೋಟೋ ತೆಗೆಸಿಕೊಳ್ಳುವವರಿಗೆ ಈ ಪದವನ್ನು ಕೊಡುವುದು ಹೇಗೆ?

ಹಳೆಯ ಕಪಾಟನ್ನೂ ತಡಕಿದೆ. ‘ಪ್ರಸಾಧನ’ ಅಚ್ಚುಕಟ್ಟಾದ ಪದ, ‘ಪ್ರಸಾಧನ ಸಾಮಗ್ರಿ’ ಇಂದಿಗೂ ಅಚ್ಚಿನಲ್ಲಿದೆ. ಆದರೆ ‘ಪ್ರಸಾಧಿಸಿಕೊಳ್ಳಿ’ ಎಂದು ಯಾರಿಗೆ ಹೇಳಲಿ? (ಮರಾಠಿಯಲ್ಲಿ ‘ಪ್ರಸಾಧನಗೃಹ’ ಎಂಬ ಫಲಕ ಇರುವುದು ಶೌಚಾಲಯದ ಬಾಗಿಲ ಮೇಲೆ. ಇಂಗ್ಲಿಷಿನ ‘ಟಾಯ್ಲೆಟ್’ ಕೂಡ ಸಿಂಗಾರದ ಮೇಜಿನಿಂದ ಅಲ್ಲಿಗೇ ಇಳಿದದ್ದು. ಈ ಪದಗಳ ಜಾತಕವೇ ಹಾಗಿರಬೇಕು.) ಇದರ ತದ್ಭವ ‘ಪಸದನ’ ಹಳಗನ್ನಡದಲ್ಲಿ ಎಷ್ಟು ಮುದ್ದಾಗಿದೆ! ಇನ್ನೂ ಸೊಗಸಾದದ್ದು ‘ಕೈಗೆಯ್’, ಅಂದರೆ ಅಲಂಕರಿಸು, ಸಿಂಗರಿಸಿಕೊಳ್ಳು. ಕೈಯಿಂದ ಮಾಡುವ ಕೆಲಸಕ್ಕೆ ಕೈಯೇ ಇರುವ ಪದ. ಇದನ್ನೇ ಇಂದಿನ ಕನ್ನಡಕ್ಕೆ ತರೋಣವೆಂದರೆ ‘ಕೈ ಮಾಡು’ ಎಂದಾಗುತ್ತದೆ. ‘ಫೋಟೋಗೆ ಮುನ್ನ ಮುಖಕ್ಕೆ ಕೈ ಮಾಡಿ’ ಎಂದು ಕೈಪಿಡಿಯಲ್ಲಿ ಅಚ್ಚಾದರೆ ನನ್ನ ಗತಿ ಏನು?

ಹುಡುಕುತ್ತಾ ಹೋದಾಗ ಕೈಗೆ ಸಿಕ್ಕಿದ್ದು ‘ತಿದ್ದು’. ‘ತಿದ್ದಿ ತೀಡಿದ ಹುಬ್ಬು’ ಎನ್ನುತ್ತೇವೆ, ‘ತಿದ್ದಿ ತೀಡಿದ ಗೊಂಬೆಯಂತಿದ್ದಾಳೆ’ ಎನ್ನುತ್ತೇವೆ. ಹಾಗಾಗಿ ಮುಖಕ್ಕೂ ತಿದ್ದುವುದಕ್ಕೂ ನಂಟು ಹೊಸತಲ್ಲ. ನನ್ನನ್ನು ಸೆಳೆದದ್ದು ಇದರ ಇನ್ನೊಂದು ಅರ್ಥ. ಮಕ್ಕಳು ಅಕ್ಷರ ತಿದ್ದುತ್ತಾರಲ್ಲ, ಅಲ್ಲಿ ತಪ್ಪೇನೂ ಇರುವುದಿಲ್ಲ. ಮೊದಲೇ ಬರೆದಿಟ್ಟ ಅಕ್ಷರದ ಮೇಲೆ, ಗೆರೆ ಬಿಡದೆ, ಇನ್ನೊಮ್ಮೆ ಬಳಪ ಓಡಿಸುವುದಷ್ಟೇ ಕೆಲಸ. ಭಾವಚಿತ್ರದ ಮೇಕಪ್ ಕೂಡ ಇದೇ. ಮುಖಕ್ಕೆ ನೇರವಾಗಿ ಬೀಳುವ ಫ್ಲ್ಯಾಶ್ ಕೆನ್ನೆ ಮತ್ತು ಮೂಗಿನ ಪಕ್ಕದ ನೆರಳನ್ನು ನುಂಗಿಬಿಡುತ್ತದೆ, ಮುಖ ತಟ್ಟೆಯಂತೆ ಚಪ್ಪಟೆಯಾಗುತ್ತದೆ, ಹುಬ್ಬು ಮತ್ತು ತುಟಿಯ ಗೆರೆ ಪೇಲವವಾಗುತ್ತವೆ. ಇದ್ದ ಹುಬ್ಬಿನ ಮೇಲೆ ಹುಬ್ಬನ್ನು, ಇದ್ದ ತುಟಿಯ ಮೇಲೆ ತುಟಿಯನ್ನು, ಇದ್ದ ನೆರಳಿನ ಜಾಗದಲ್ಲಿ ನೆರಳನ್ನು ಒಂದು ಸುತ್ತು ತಿದ್ದಿದರೆ ಚಿತ್ರದಲ್ಲಿ ಮುಖ ಮುಖವಾಗಿ ಉಳಿಯುತ್ತದೆ. ಫೋಟೋಗೆ ‘ಛಾಯಾಚಿತ್ರ’ ಎಂದು ಹೆಸರಿಟ್ಟವರಿಗೆ ಬೆಳಕಿಗಿಂತ ನೆರಳಿನ ಮೇಲೆ ಹೆಚ್ಚು ವಿಶ್ವಾಸವಿತ್ತೋ ಏನೋ.

ಅಡ್ಡಿಯೂ ಇದೆ. ‘ತಿದ್ದು’ ಎಂದೊಡನೆ ತಪ್ಪು ನೆನಪಾಗುವವರೂ ಇದ್ದಾರೆ. ಕರಡು ಓದಿದ ಗೆಳತಿಯೊಬ್ಬಳು, “ನನ್ನ ಮುಖದಲ್ಲಿ ತಿದ್ದುವಂಥದ್ದು ಏನಿದೆ?” ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು ಬೇರೆಯೇ ಇದೆ. ಎರಡಕ್ಕೂ ಒಂದೇ ಪದವಾದರೆ ಓದುಗರು ತಬ್ಬಿಬ್ಬಾಗುತ್ತಾರೆಯೇ? ಗಂಭೀರವಾದ ಆಕ್ಷೇಪ ಇದೇ ಎಂದು ನನಗೂ ಅನ್ನಿಸಿದೆ. ‘ತೆಗೆ’ ಎಂಬ ಒಂದೇ ಪದ ನನಗೆ ಆಗಲೇ ಸಾಕಷ್ಟು ಕಾಟ ಕೊಟ್ಟಿದೆ: ‘ಫೋಟೋ ತೆಗೆದ ಮೇಲೆಯೇ ಮೇಕಪ್ ತೆಗೆಯಿರಿ.’

ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಎರಡು ಬಣ್ಣಗಳು ಸೇರುವಲ್ಲಿ ಗೆರೆ ಕಾಣದಂತೆ ಬೆರಳ ತುದಿಯಿಂದಲೋ ಸ್ಪಂಜಿನಿಂದಲೋ ತಟ್ಟಿ ತಟ್ಟಿ ಒಂದು ಮಾಡುವುದಕ್ಕೆ ಎಲ್ಲರೂ ‘ಬ್ಲೆಂಡ್ ಮಾಡು’ ಎನ್ನುತ್ತಾರೆ. ‘ಬೆರೆಸು’ ಎಂದರೆ ಬಟ್ಟಲು ಬೇಕು, ‘ಕಲಸು’ ಎಂದರೆ ಹಿಟ್ಟು. ‘ಅಂಚಳಿಸು’ ಎಂದು ಒಂದು ಪದ ಟಂಕಿಸಿದೆ, ಅಂಚು ಅಳಿಸು ಎಂದು ಲೋಪಸಂಧಿ ಮಾಡಿ. ಬಾಯಲ್ಲಿ ಎರಡು ಸಲ ಹೇಳಿ ನೋಡಿ ನಾನೇ ಕೈಬಿಟ್ಟೆ. ಹಾಗೆಯೇ ‘ಮ್ಯಾಟ್’, ಅಂದರೆ ಹೊಳೆಯದ ಮೇಕಪ್: ‘ಮಂಕು’ ಬುದ್ಧಿಗೆ ಹೋಗುತ್ತದೆ, ‘ಮಾಸಲು’ ಬಟ್ಟೆಗೆ. ಹೊಳಪು ಬೇಡ ಎನ್ನೋಣವೆಂದರೆ ಕಳೆಯೂ ಬೇಡ ಎಂದು ತಿಳಿದುಕೊಳ್ಳುತ್ತಾರೆ. ಹೋಗಬೇಕಾದದ್ದು ಜಿಡ್ಡು, ಉಳಿಯಬೇಕಾದದ್ದು ಕಳೆ. ಅಂದಹಾಗೆ, ಕನ್ಸೀಲರಿನ ಬಗ್ಗೆ ನಾನು ಬರೆದ ‘ಮುಖದ ಕಲೆ ಮುಚ್ಚಲಿ, ಕಳೆ ಮುಚ್ಚದಿರಲಿ’ ಎಂಬ ಸಾಲನ್ನು ಬೆರಳಚ್ಚು ಮಾಡಿದವರು ಎರಡು ಕಡೆಯೂ ‘ಕಲೆ’ ಮಾಡಿ ಕಳುಹಿಸಿದ್ದಾರೆ. ಅದನ್ನು ನಾನು ಕೂತು ತಿದ್ದಿದೆ.

ಸದ್ಯಕ್ಕೆ ಕೈಪಿಡಿಯ ಮೊದಲ ಸಾಲು ಹೀಗಿದೆ: ‘ಫೋಟೋಗಾಗಿ ಮುಖ ತಿದ್ದಿಕೊಳ್ಳುವಾಗ ಕಿಟಕಿಗೆ ಎದುರಾಗಿ ಕುಳಿತುಕೊಳ್ಳಿ.’ ಇದನ್ನು ಓದಿದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಕನ್ನಡಿಯೋ, ಕೆಂಪು ಶಾಯಿಯ ಪೆನ್ನೋ, ದಯವಿಟ್ಟು ತಿಳಿಸಿ.