ಸಣ್ಣ ರಿಪೇರಿ ಉಳಿದಿರುವ ಹೈಬ್ರಿಡ್ ಕಾರು: ಸರಿಮಾಡಿಸಿ ಮಾರಬೇಕೇ, ಇದ್ದಂತೆಯೇ ಕೊಡಬೇಕೇ?

ಟಮಕ, ಕೋಲಾರ

ನನ್ನ ಬಳಿ 2022ರ ಕೊನೆಯಲ್ಲಿ ಕೊಂಡ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆಗೆ, ಸ್ವಲ್ಪ ದೂರ ಬರೀ ಬ್ಯಾಟರಿಯ ಮೇಲೂ ಓಡುವ) ಕಾರಿದೆ. 61,000 ಕಿ.ಮೀ. ಓಡಿದೆ, ಮೊದಲ ಮಾಲೀಕ ನಾನೇ. ಎಡಗಡೆಯ ಹಿಂಬಾಗಿಲಿನಲ್ಲಿ ಒಂದು ಡೆಂಟ್, ಮುಂದಿನ ಬಂಪರಿನಲ್ಲಿ ಗೀರು, ಹಿಂಸೀಟಿನ ಕೆಳಗಿನ ಫ್ಯಾನಿನಿಂದ ಶಬ್ದ, ಬೆಳಿಗ್ಗೆ ಒಮ್ಮೊಮ್ಮೆ ಕೈಕೊಡುವ 12 ವೋಲ್ಟ್ ಬ್ಯಾಟರಿ, ಇಷ್ಟು ದೋಷಗಳಿವೆ. ರಿಪೇರಿಗೆ ಹಣ ಹಾಕಬೇಕೇ, ಇಲ್ಲವೇ ಬೆಲೆಯಲ್ಲಿ ಬಿಟ್ಟುಕೊಡಬೇಕೇ? ಮಾರಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಕ್ಯಾತ್ಸಂದ್ರ, ತುಮಕೂರು

ಕಳೆದ ವರ್ಷ ನಾನು ಎಲ್ಲವನ್ನೂ ಸರಿಮಾಡಿಸಿಯೇ ಮಾರಿದೆ. ಬಂಪರ್ ಪೇಂಟಿಂಗ್‌ಗೆ 5,200, ಬಾಗಿಲಿನ ಟಿಂಕರಿಂಗ್‌ಗೆ 4,600, ಚಿಕ್ಕ ಬ್ಯಾಟರಿಗೆ 7,900 ರೂಪಾಯಿ ಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ದಿನ ಇಷ್ಟು ಸಂಕಟದಿಂದ ಬರೆಯಬೇಕಾಗಿರಲಿಲ್ಲ. ಎ.ಸಿ. ಸ್ವಲ್ಪ ಮಂದವಾಗಿದೆ ಎಂದು ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ಗ್ಯಾಸ್ ತುಂಬಿಸಿದೆ. ಆತ ಮಾಮೂಲಿ ಕಾರಿಗೆ ಹಾಕುವ ಕಂಪ್ರೆಸರ್ ಆಯಿಲನ್ನೇ ಇದಕ್ಕೂ ಸೇರಿಸಿಬಿಟ್ಟ. ಹೈಬ್ರಿಡ್ಡಿನ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದಿಲ್ಲ, ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ವಿದ್ಯುತ್ತಿನಿಂದ ತಿರುಗುತ್ತದೆ; ಅದರೊಳಗಿನ ಆಯಿಲ್ ವಿದ್ಯುತ್ತನ್ನು ಹರಿಯಗೊಡದ ಬೇರೆಯದೇ ಜಾತಿಯದು. ನಾಲ್ಕನೆಯ ದಿನ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಹೊಸ ಕಂಪ್ರೆಸರ್, ಪೈಪುಗಳ ಶುದ್ಧೀಕರಣ, ಕೂಲಿ ಸೇರಿ 68,000 ರೂಪಾಯಿ, ಜೊತೆಗೆ ಹನ್ನೆರಡು ದಿನ ಬಸ್ಸಿನ ಓಡಾಟ. ಒಟ್ಟು ಖರ್ಚು 85,700. ರಿಪೇರಿಗೆ ಮುಂಚೆ ದಲ್ಲಾಳಿ ಹೇಳಿದ್ದು 9.10 ಲಕ್ಷ, ಕೊನೆಗೆ ಸಿಕ್ಕಿದ್ದು 9.45 ಲಕ್ಷ, ಲೆಕ್ಕ ನೀವೇ ಹಾಕಿಕೊಳ್ಳಿ. ಆದರೂ ಒಡೆದ ಬಂಪರಿನ ಕಾರನ್ನು ಇನ್ನೊಬ್ಬರ ಮನೆಯ ಮುಂದೆ ನಿಲ್ಲಿಸಲು ನನಗಂತೂ ಮನಸ್ಸು ಬರುತ್ತಿರಲಿಲ್ಲ.

ತಿಪಟೂರು

ಸ್ವಾಮಿ, ಐವತ್ತು ಸಾವಿರ ಕಳೆದುಕೊಂಡು ಅದನ್ನು ಮರ್ಯಾದೆಯ ವಿಚಾರ ಮಾಡುತ್ತಿದ್ದೀರಿ. 2016ರಲ್ಲಿ ಕೊಂಡ ನನ್ನ ಹೈಬ್ರಿಡ್ ಸಿಯಾಜ್ ಡೀಸೆಲ್ಲನ್ನು ತೊಳೆಸದೆಯೇ ಮಾರಿದೆ. ತೆಂಗಿನಕಾಯಿ ಮೂಟೆಯಿಂದ ಡಿಕ್ಕಿಯ ಅಂಚು ಉಜ್ಜಿಹೋಗಿತ್ತು, ಬಲಗಡೆಯ ಕನ್ನಡಿಗೆ ಟೇಪು ಸುತ್ತಿತ್ತು. ಕೊಳ್ಳಲು ಬಂದವರು ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದುಕೊಂಡೇ ಬಂದಿದ್ದರು. ಎಲ್ಲ ಕಡೆಯೂ ಕಂಪನಿಯ ಬಣ್ಣವೇ ಇದ್ದುದನ್ನು ಕಂಡು ಅಪಘಾತವಾಗಿಲ್ಲವೆಂದು ನಂಬಿದರು. ಹೊಸದಾಗಿ ಬಣ್ಣ ಬಳಿದ ಬಾಗಿಲನ್ನು ತೋರಿಸಿದ್ದರೆ, ಅದರ ಹಿಂದೆ ಏನನ್ನು ಮುಚ್ಚಿಟ್ಟಿದ್ದೀರಿ ಎಂದೇ ಅವರು ಕೇಳುತ್ತಿದ್ದರು.

ಕ್ಯಾತ್ಸಂದ್ರ, ತುಮಕೂರು

ಕೇಳಿರುವುದು ಹೈಬ್ರಿಡ್ ಕಾರಿನ ವಿಷಯ. ಆ ಸಿಯಾಜ್ ಬರೀ ವಿದ್ಯುತ್ತಿನ ಮೇಲೆ ಒಂದು ಅಡಿಯೂ ಚಲಿಸುವುದಿಲ್ಲ. ಎಂಜಿನ್ನಿಗೆ ಆಗಾಗ ಕೈಜೋಡಿಸುವ ಸ್ಟಾರ್ಟರ್-ಜನರೇಟರಿಗೆ ಹೈಬ್ರಿಡ್ ಎಂಬ ಹೆಸರಿಟ್ಟಿದ್ದಾರೆ ಅಷ್ಟೇ.

ತಿಪಟೂರು

ನನ್ನ ಆರ್.ಸಿ.ಯಲ್ಲಿ ‘ಡೀಸೆಲ್/ಹೈಬ್ರಿಡ್’ ಎಂದೇ ಮುದ್ರಿಸಿದ್ದರು. ವಿದ್ಯುತ್, ಹೈಬ್ರಿಡ್ ಗಾಡಿಗಳಿಗೆ ಉತ್ತೇಜನ ಕೊಡುವ ಫೇಮ್ ಯೋಜನೆಯಡಿ ಕೇಂದ್ರ ಸರ್ಕಾರ ಅದಕ್ಕೆ ಸಬ್ಸಿಡಿ ಕೊಟ್ಟಿತ್ತು. ಸರ್ಕಾರಕ್ಕಿಂತ ತಾವು ದೊಡ್ಡವರೋ?

ಕ್ಯಾತ್ಸಂದ್ರ, ತುಮಕೂರು

ಕೊಟ್ಟ ಸಬ್ಸಿಡಿಯನ್ನು 2017ರ ಏಪ್ರಿಲ್‌ನಿಂದ ಅದೇ ಸರ್ಕಾರ ನಿಮ್ಮ ಸಿಯಾಜ್‌ನಂಥ ಮೈಲ್ಡ್ ಹೈಬ್ರಿಡ್‌ಗಳಿಗೆ ನಿಲ್ಲಿಸಿದ್ದನ್ನೂ ಬರೆಯಿರಿ.

ಶಿಡ್ಲಘಟ್ಟ, ಚಿಕ್ಕಬಳ್ಳಾಪುರ

ಇಬ್ಬರೂ ಬಣ್ಣ ಮತ್ತು ಹೆಸರಿನಲ್ಲೇ ಸಿಕ್ಕಿಕೊಂಡಿದ್ದೀರಿ. ನನ್ನ ಕಾರನ್ನು ನೋಡಲು ಬೆಂಗಳೂರಿನಿಂದ ದಂಪತಿ ಬಂದ ದಿನ, ಓಡಲು ಸಿದ್ಧವೆಂದು ಡ್ಯಾಶ್‌ಬೋರ್ಡ್ ತೋರಿಸುವ ‘ರೆಡಿ’ಗೇ ಅದು ಬರಲಿಲ್ಲ. ದೊಡ್ಡ ಬ್ಯಾಟರಿ ಸರಿಯಾಗಿಯೇ ಇತ್ತು, ಆದರೆ ಅದನ್ನು ಜೋಡಿಸುವ ರಿಲೇಗಳಿಗೂ ಕಂಪ್ಯೂಟರಿಗೂ ವಿದ್ಯುತ್ ಕೊಡುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತಿತ್ತು. ತಳ್ಳಿ ಸ್ಟಾರ್ಟ್ ಮಾಡುವ ಗಾಡಿಯೂ ಅಲ್ಲ ಇದು. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಎಳೆದು ಎಬ್ಬಿಸುವಷ್ಟರಲ್ಲಿ, ಲಕ್ಷಾಂತರ ರೂಪಾಯಿಯ ಬ್ಯಾಟರಿಯೇ ಹೋಗಿದೆಯೆಂದು ಆ ತಾಯಿ ತೀರ್ಮಾನಿಸಿಬಿಟ್ಟಿದ್ದರು; ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಮರುದಿನವೇ 8,300 ಕೊಟ್ಟು ಹೊಸದು ಹಾಕಿಸಿದೆ.

ಫ್ಯಾನಿನ ಶಬ್ದದ ಅನುಭವವೂ ನನಗುಂಟು. ಆ ಫ್ಯಾನ್ ಕಾರಿನೊಳಗಿನ ಗಾಳಿಯನ್ನೇ ಎಳೆದು ದೊಡ್ಡ ಬ್ಯಾಟರಿಯನ್ನು ತಂಪಾಗಿಡುತ್ತದೆ. ನಾನು ಎರಡು ವರ್ಷ ಹಿಂಸೀಟಿನ ಮೇಲೆ ರೇಷ್ಮೆಗೂಡಿನ ಚೀಲಗಳನ್ನಿಟ್ಟು ಮಾರುಕಟ್ಟೆಗೆ ಹೋಗುತ್ತಿದ್ದೆ. ಫಿಲ್ಟರ್ ಬಿಚ್ಚಿದಾಗ ಗೂಡಿನ ಎಳೆಗಳು ಕಂಬಳಿಯ ಹಾಗೆ ಅಂಟಿಕೊಂಡಿದ್ದವು. ಶುಚಿಗೊಳಿಸಲು ತೆಗೆದುಕೊಂಡದ್ದು 1,400 ರೂಪಾಯಿ. ಅದೇ ದಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಪರೀಕ್ಷೆಯ ವರದಿ ಪಡೆದೆ. ಟೊಯೊಟಾ ಭಾರತದಲ್ಲಿ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ, ಕೊಳ್ಳಲು ಬಂದ ಮೂರನೆಯವರು ನನ್ನ ಬಂಪರಿನ ಕಡೆ ತಿರುಗಿಯೂ ನೋಡದೆ ಆ ವರದಿ, ವಾರಂಟಿ ಪುಸ್ತಕ ಮತ್ತು ಸರ್ವಿಸ್ ಬಿಲ್ಲುಗಳನ್ನು ಅರ್ಧ ಗಂಟೆ ಓದಿದರು. ನಾನು ಹೇಳಿದ ಬೆಲೆಯಲ್ಲಿ ಅವರು ಕಡಿಮೆ ಮಾಡಿಸಿದ್ದು ಐದೇ ಸಾವಿರ.

ಚಿಂತಾಮಣಿ, ಚಿಕ್ಕಬಳ್ಳಾಪುರ

ಡೆಂಟು, ಫ್ಯಾನು ಎಂದು ಚರ್ಚಿಸುವವರೆಲ್ಲ ಅದೃಷ್ಟವಂತರು. ನಾನು ಮದನಪಲ್ಲಿಯ ಒಬ್ಬರಿಗೆ ಕಾರು ಕೊಟ್ಟೆ. ಸಾಲ ತೀರಿ ವರ್ಷವಾಗಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಆ ಹೆಸರು ತೆಗೆಸಲು ಬೇಕಾದ ಫಾರಂ 35 ಪಡೆಯಲು ಬ್ಯಾಂಕಿಗೆ ಆರು ಬಾರಿ ಅಲೆದೆ. ಆಂಧ್ರಕ್ಕೆ ಹೋಗುವ ಗಾಡಿಯಾದ್ದರಿಂದ ಆರ್.ಟಿ.ಒ. ಕಚೇರಿಯಿಂದ ಫಾರಂ 28ರ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಬೇಕಿತ್ತು. ಅದು ಕೈಗೆ ಬರುವ ಮೊದಲೇ, ಪರಿಚಯಸ್ಥರ ಕಡೆಯವರೆಂದು ನಂಬಿ ಕೀ ಕೊಟ್ಟುಬಿಟ್ಟೆ. ಏಳು ತಿಂಗಳು ಅವರು ಹೆಸರು ಬದಲಿಸಿಕೊಳ್ಳಲಿಲ್ಲ. ಕ್ಯಾಮೆರಾ ದಂಡಗಳೆಲ್ಲ ನನ್ನ ಮೊಬೈಲಿಗೆ ಬಂದವು, ಹನ್ನೊಂದು ದಂಡಗಳಿಗೆ ಒಟ್ಟು 9,500 ರೂಪಾಯಿ. ಮಾರಿದ ನಂತರವೂ ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದನ್ನು ವಕೀಲರು ತಿಳಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಾಜ್ಯದೊಳಗಾದರೆ 14 ದಿನಗಳಲ್ಲಿ ಮಾರಾಟವನ್ನು ಆರ್.ಟಿ.ಒ. ಕಚೇರಿಗೆ ತಿಳಿಸಬೇಕು, ಹೊರರಾಜ್ಯವಾದರೆ 45 ದಿನ. ಇದನ್ನು ಬಿಟ್ಟು ಬಂಪರ್ ನೋಡುತ್ತೀರಾ?

ತಿಪಟೂರು

ಎನ್.ಒ.ಸಿ. ಇಲ್ಲದೆ ಕೀ ಕೊಟ್ಟದ್ದು ತಮ್ಮ ತಪ್ಪು. ಅದಕ್ಕೆ ನಮ್ಮನ್ನೇಕೆ ಬೈಯುತ್ತೀರಿ?

ಚಿಂತಾಮಣಿ, ಚಿಕ್ಕಬಳ್ಳಾಪುರ

ಬೈದಿಲ್ಲ. ಟೇಪು ಸುತ್ತಿದ ಕನ್ನಡಿಯ ಕಾರನ್ನು ಮಾರಿದ್ದನ್ನು ಸಾಧನೆಯೆಂದು ಹೇಳಿಕೊಳ್ಳುವವರಿಂದ ಬುದ್ಧಿವಾದ ಬೇಡ ಎಂದಷ್ಟೇ ನನ್ನ ಮಾತು.

ಟಮಕ, ಕೋಲಾರ

ಎಲ್ಲರಿಗೂ ವಂದನೆಗಳು. ನಿನ್ನೆ ಚಿಕ್ಕ ಬ್ಯಾಟರಿ ಬದಲಾಯಿಸಿದೆ, ಫಿಲ್ಟರ್ ತೆಗೆಸಿದೆ. ಒಳಗೆ ತುಂಬಿದ್ದದ್ದು ನಮ್ಮ ಮನೆಯ ನಾಯಿಯ ಕೂದಲು. ಶಬ್ದ ನಿಂತಿದೆ. ಆರ್.ಸಿ. ತೆಗೆದು ನೋಡಿದರೆ ಬ್ಯಾಂಕಿನ ಹೆಸರು ನನ್ನದರಲ್ಲೂ ಹಾಗೆಯೇ ಇದೆ, ಸೋಮವಾರ ಅದಕ್ಕೇ ಹೋಗುತ್ತಿದ್ದೇನೆ. ಬಾಗಿಲಿನ ಡೆಂಟನ್ನು ಮುಟ್ಟುವುದಿಲ್ಲ. ಭಾನುವಾರ ಮುಳಬಾಗಿಲಿನಿಂದ ಒಬ್ಬರು ನೋಡಲು ಬರುತ್ತಾರೆ.

ತಿಪಟೂರು

ಡೆಂಟಿಗೆ ಅವರು ಎಷ್ಟು ಹಿಡಿದರು ಎಂಬುದನ್ನು ಮರೆಯದೆ ಬರೆಯಿರಿ. ಕ್ಯಾತ್ಸಂದ್ರದವರಿಗೆ ತೋರಿಸಬೇಕಾಗಿದೆ.